ಎಷ್ಟೋ ಅಷ್ಟು: ಬೀಜಗಣಿತದ ಅಕ್ಷರಗಳು

ಶಾಲೆಯಲ್ಲಿ ‘ಎಕ್ಸ್’ ಕಂಡ ದಿನವೇ ಗಣಿತದ ಮೇಲಿನ ಆಸೆ ಬಿಟ್ಟವರು ಅನೇಕರಿದ್ದಾರೆ. ಅಂಕಿಗಳ ನಡುವೆ ಅಕ್ಷರಕ್ಕೇನು ಕೆಲಸ ಎಂಬುದು ಅವರ ಪ್ರಶ್ನೆ. ಉತ್ತರ ಅಂಗಡಿಯ ಚೀಟಿಯಲ್ಲೇ ಇದೆ.

ತೆಂಗಿನಕಾಯಿ ಒಂದಕ್ಕೆ 25 ರೂಪಾಯಿ, ಎಷ್ಟೇ ಕೊಂಡರೂ ಸಾಗಣೆಗೆ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು ಖರ್ಚು 25 ಎಕ್ಸ್ + 40. ಇದೊಂದು ಬೀಜೋಕ್ತಿ. ಇಲ್ಲಿ ಕಾಯಿಗಳ ಸಂಖ್ಯೆಯಾದ ಎಕ್ಸ್ ಬದಲಾಗುತ್ತದೆ, ಅದು ಚರಾಕ್ಷರ. ಅದನ್ನು ಗುಣಿಸುವ 25 ಸಹಗುಣಕ. ಕಾಯಿ ಹತ್ತಾದರೂ ನೂರಾದರೂ ಕದಲದ 40 ಸ್ಥಿರಾಂಕ.

ಈ ವಿಂಗಡಣೆಯಿಂದ ಲಾಭವುಂಟು. ಹತ್ತು ಕಾಯಿಗೆ 290 ರೂಪಾಯಿ, ಅಂದರೆ ಒಂದಕ್ಕೆ 29. ನೂರಕ್ಕೆ 2,540; ಒಂದಕ್ಕೆ 25 ರೂಪಾಯಿ 40 ಪೈಸೆ. ಸ್ಥಿರಾಂಕ ಹೆಚ್ಚು ಕಾಯಿಗಳಿಗೆ ಹಂಚಿಹೋಗುವುದರಿಂದಲೇ ಸಗಟು ಖರೀದಿ ಅಗ್ಗ. ದರ ಏರಿದರೆ ಬದಲಾಗುವುದು ಸಹಗುಣಕ. ಸಾಗಣೆ ಏರಿದರೆ ಸ್ಥಿರಾಂಕ.

ಎಕ್ಸ್, ವೈ, ಜಡ್ ಎಂಬ ರೂಢಿ ಬಂದದ್ದು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿ ಗ್ರಂಥದಿಂದ. ಅದಕ್ಕೂ ಬಹಳ ಮೊದಲೇ, ಕ್ರಿ.ಶ. 628ರಲ್ಲಿ, ಬ್ರಹ್ಮಗುಪ್ತ ಅಜ್ಞಾತ ರಾಶಿಗಳನ್ನು ‘ವರ್ಣ’ ಅಂದರೆ ಬಣ್ಣ ಎಂದು ಕರೆದಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯ ಮೊದಲ ಅಜ್ಞಾತಕ್ಕೆ ‘ಯಾವತ್-ತಾವತ್’, ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಹೆಸರಿಟ್ಟ. ಬರೆಯುವಾಗ ಮೊದಲಕ್ಷರ ಸಾಕು. ಸಹಗುಣಕ ಅದರ ಪಕ್ಕದಲ್ಲಿ. ಸ್ಥಿರಾಂಕಕ್ಕೆ ‘ರೂಪ’ ಎಂಬ ಪದದ ‘ರೂ’.

ಆ ಕ್ರಮದಲ್ಲಿ ನಮ್ಮ ಚೀಟಿ ‘ಯಾ 25 ರೂ 40’ ಆಗುತ್ತದೆ. ಆ ‘ರೂ’ ರೂಪಾಯಿಯನ್ನು ಸೂಚಿಸುವುದಿಲ್ಲ, ಬಿಡಿ ಸಂಖ್ಯೆಯನ್ನಷ್ಟೇ. ಯಾವತ್-ತಾವತ್ ಎಂದರೆ ‘ಎಷ್ಟೋ ಅಷ್ಟು’. ಮಕ್ಕಳಿಗೆ ಎಕ್ಸ್ ಪರಿಚಯಿಸಲು ಇದಕ್ಕಿಂತ ಸರಳವಾದ ಮಾತು ಸಿಗಲಾರದು.