ಒಂದೇ ಕಾದಂಬರಿ, ಎರಡು ತೀರ್ಪು: ಸ್ಟೀಗ್ ಲಾರ್ಸನ್‌ರ ಹೆಣ್ಣು ಪತ್ತೇದಾರರ ಬಗ್ಗೆ ಓದುಗರಲ್ಲಿ ಭಿನ್ನಮತವೇಕೆ?

ಸ್ವೀಡನ್ನಿನ ಪತ್ರಕರ್ತ ಸ್ಟೀಗ್ ಲಾರ್ಸನ್ ಬರೆದ ಮೂರು ಅಪರಾಧ ಕಾದಂಬರಿಗಳು 2005, 2006 ಮತ್ತು 2007ರಲ್ಲಿ ಒಂದರ ಹಿಂದೊಂದರಂತೆ ಪ್ರಕಟವಾದವು. ಅವುಗಳನ್ನು ಅಚ್ಚಿನಲ್ಲಿ ಕಾಣುವ ಭಾಗ್ಯ ಲೇಖಕರಿಗೆ ಒದಗಲಿಲ್ಲ. ಹಸ್ತಪ್ರತಿಗಳನ್ನು ಪ್ರಕಾಶಕರಿಗೆ ಒಪ್ಪಿಸಿದ ಬಳಿಕ, 2004ರ ನವೆಂಬರ್ 9ರಂದು, ತಮ್ಮ 50ನೆಯ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ನಿಧನರಾದರು. ಆನಂತರ ಈ ಕೃತಿಗಳು ಹತ್ತಾರು ಭಾಷೆಗಳಿಗೆ ಅನುವಾದಗೊಂಡು ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾದವು. ಮೂರೂ ಸ್ವೀಡಿಷಿನಲ್ಲಿ, ಮೊದಲನೆಯದು ಇಂಗ್ಲಿಷಿನಲ್ಲಿಯೂ ಚಲನಚಿತ್ರಗಳಾದವು. ಮೊದಲ ಕಾದಂಬರಿಗೆ 2006ರಲ್ಲಿ ಉತ್ತರ ಯುರೋಪಿನ ಅಪರಾಧ ಸಾಹಿತ್ಯಕ್ಕೆ ಮೀಸಲಾದ ‘ಗಾಜಿನ ಕೀಲಿಕೈ’ ಪ್ರಶಸ್ತಿ ಸಂದಿತು.

ಇಷ್ಟೆಲ್ಲ ಜನಪ್ರಿಯತೆಯ ನಡುವೆಯೂ ಓದುಗರು ಈ ಕೃತಿಗಳ ವಿಷಯದಲ್ಲಿ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹೆಣ್ಣಿನ ಪರವಾಗಿ ಇಷ್ಟು ನಿಷ್ಠುರವಾಗಿ ಮಾತನಾಡಿದ ಅಪರಾಧ ಕಾದಂಬರಿ ವಿರಳವೆಂದು ಕೆಲವರು ಹೇಳಿದರೆ, ಹೆಣ್ಣಿನ ನೋವನ್ನೇ ಮಾರಾಟದ ಸರಕನ್ನಾಗಿಸಿದ ಪುಸ್ತಕವೆಂದು ಇನ್ನು ಕೆಲವರು ಮುಖ ತಿರುಗಿಸುತ್ತಾರೆ. ಒಂದೇ ಪುಟಗಳನ್ನು ಓದಿದವರು ಇಷ್ಟು ದೂರದ ತೀರ್ಪುಗಳಿಗೆ ತಲುಪುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ಪತ್ತೇದಾರರು ಮತ್ತು ನಮ್ಮ ನಿರೀಕ್ಷೆ

ಗಡಿನಾಡಿನ ಓದುಗರಾದ ನಮಗೆ ಪತ್ತೇದಾರಿ ಕಥೆ ಹೊಸದಲ್ಲ; ಹಲವರಿಗೆ ಅದು ಎರಡು ಮೂರು ಭಾಷೆಗಳಲ್ಲಿ ಒದಗಿದ ರುಚಿ. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಕನ್ನಡದಲ್ಲಿ ಓದಿದವರು ಕಾಸರಗೋಡಿನಲ್ಲಿ ಕೋಟ್ಟಯಂ ಪುಷ್ಪನಾಥರ ಮಾರ್ಕ್ಸಿನ್‌ನನ್ನೂ, ಹೊಸೂರಿನಲ್ಲಿ ತಮಿಳ್‌ವಾಣನ್ ಅವರ ಶಂಕರಲಾಲನನ್ನೂ, ಆದವಾನಿ–ರಾಯದುರ್ಗಗಳ ಕಡೆ ಕೊಮ್ಮೂರಿ ಸಾಂಬಶಿವರಾವ್ ಅವರ ಯುಗಂಧರನನ್ನೂ ಬಲ್ಲರು. ಸೊಲ್ಲಾಪುರ ಸೀಮೆಯವರಿಗೆ ಬಾಬುರಾವ್ ಅರ್ನಾಳ್ಕರರ ಮರಾಠಿ ರಹಸ್ಯಕಥೆಗಳ ಪರಿಚಯವಿದೆ. ಭಾಷೆ ಯಾವುದಾದರೂ ಆ ಕಥೆಗಳ ನಡಿಗೆ ಬಹುಮಟ್ಟಿಗೆ ಒಂದೇ: ಕೊಲೆ ಬೇಗನೆ ನಡೆಯುತ್ತದೆ, ಚತುರನಾದ ಗಂಡಸೊಬ್ಬ ಪ್ರವೇಶಿಸುತ್ತಾನೆ, ಪುಸ್ತಕ ಮುಗಿಯುವ ಹೊತ್ತಿಗೆ ಗಂಟು ಬಿಚ್ಚಿಕೊಳ್ಳುತ್ತದೆ.

ಈ ನಿರೀಕ್ಷೆಯನ್ನು ಹೊತ್ತು ಲಾರ್ಸನ್‌ರ ಮೊದಲ ಕಾದಂಬರಿಯನ್ನು ತೆರೆದವರು ನಿರಾಶರಾಗುವುದು ಸಹಜ. ಕಥೆ ತೊಡಗುವುದು ಮಾನನಷ್ಟ ಮೊಕದ್ದಮೆಯಿಂದ. ಉದ್ಯಮಿಯೊಬ್ಬನ ಅವ್ಯವಹಾರವನ್ನು ಬರೆದು, ಅದನ್ನು ರುಜುವಾತುಪಡಿಸಲಾಗದೆ ಶಿಕ್ಷೆಗೊಳಗಾದ ಪತ್ರಕರ್ತ ಮಿಕಾಯೆಲ್ ಬ್ಲೊಮ್‌ಕ್ವಿಸ್ಟ್. 1966ರಲ್ಲಿ ಕಾಣೆಯಾದ ಹಾರಿಯೆಟ್ ಎಂಬ ಹುಡುಗಿಯ ಗತಿ ಏನಾಯಿತೆಂದು ತಿಳಿಯಲು ವಾಂಗರ್ ಎಂಬ ಸಿರಿವಂತ ಮನೆತನದ ಹಿರಿಯರು ಅವನನ್ನು ಕರೆಸಿಕೊಳ್ಳುತ್ತಾರೆ. ಇನ್ನೊಂದೆಡೆ, ಖಾಸಗಿ ಭದ್ರತಾ ಸಂಸ್ಥೆಯೊಂದಕ್ಕಾಗಿ ಜನರ ಪೂರ್ವಾಪರಗಳನ್ನು ಶೋಧಿಸಿ ವರದಿ ಬರೆಯುವ ಲಿಸ್ಬೆತ್ ಸಲಾಂಡರ್ ಎಂಬ ಯುವತಿ ಇದ್ದಾಳೆ. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆಯೇ ಈ ಇಬ್ಬರು ಮುಖಾಮುಖಿಯಾಗುವುದು.

ಆದ್ದರಿಂದ ಮೊದಲ ದೂರು ನಿಧಾನದ್ದು. ಹಣಕಾಸಿನ ವಿವರ, ವಂಶವೃಕ್ಷ, ಮೇಲಿಂದ ಮೇಲೆ ಕುಡಿಯುವ ಕಾಫಿ, ಕಂಪ್ಯೂಟರಿನ ಬಿಡಿಭಾಗಗಳ ವರ್ಣನೆ, ಎರಡನೆಯ ಪುಸ್ತಕದಲ್ಲಿ ಮನೆಗೆ ಕೊಂಡ ಪೀಠೋಪಕರಣಗಳ ಪಟ್ಟಿ: ಇವೆಲ್ಲ ಯಾರಿಗೆ ಬೇಕು ಎಂಬುದು ಆ ಓದುಗರ ಪ್ರಶ್ನೆ. ಈ ದೂರು ಸುಳ್ಳಲ್ಲ. ಆದರೆ ಲಾರ್ಸನ್ ನಿಂತಿರುವ ಪರಂಪರೆಯೇ ಬೇರೆ. ಮಾಯ್ ಶೊವಾಲ್ ಮತ್ತು ಪೇರ್ ವಾಲೂ ಜೋಡಿ 1965ರಿಂದ 1975ರವರೆಗೆ ಬರೆದ ಹತ್ತು ಕಾದಂಬರಿಗಳು ಪೊಲೀಸ್ ತನಿಖೆಯ ನೆಪದಲ್ಲಿ ಸ್ವೀಡನ್ನಿನ ಕಲ್ಯಾಣ ರಾಜ್ಯದ ಒಳಬಿರುಕುಗಳನ್ನು ತೋರಿಸಿದ್ದವು. ಆ ದಾರಿಯಲ್ಲಿ ಕೊಲೆಗಾರ ಯಾರೆಂಬುದಕ್ಕಿಂತ, ಇಂಥ ಕೊಲೆ ಸಾಧ್ಯವಾದದ್ದು ಎಂಥ ಸಮಾಜದಲ್ಲಿ ಎಂಬ ಪ್ರಶ್ನೆಯೇ ದೊಡ್ಡದು. ಅದಕ್ಕೆ ವಿವರ ಬೇಕು. ವಿವರಕ್ಕೆ ಪುಟಗಳು ಬೇಕು. ನಿಧಾನವನ್ನು ಮೆಚ್ಚದಿರುವುದು ಓದುಗರ ಅಭಿರುಚಿಗೆ ಬಿಟ್ಟದ್ದು. ಅದರ ಬಗ್ಗೆ ಜಗಳ ಅನಗತ್ಯ.

ಹೆಸರು ಬದಲಾದಾಗ

ಎರಡನೆಯ ಕಾರಣ ಅನುವಾದಕ್ಕೆ ಸಂಬಂಧಿಸಿದ್ದು. ಮೊದಲ ಕಾದಂಬರಿಯ ಸ್ವೀಡಿಷ್ ಶೀರ್ಷಿಕೆಗೆ ‘ಹೆಂಗಸರನ್ನು ದ್ವೇಷಿಸುವ ಗಂಡಸರು’ ಎಂದರ್ಥ. ಫ್ರೆಂಚ್ ಅನುವಾದ ಅದನ್ನು ‘ಹೆಂಗಸರನ್ನು ಪ್ರೀತಿಸದ ಗಂಡಸರು’ ಎಂದು ತುಸು ಮೆದುಗೊಳಿಸಿತು; ಜರ್ಮನ್ ಅನುವಾದ ಕಣ್ಣಿಗೆ ಕವಿದ ಕುರುಡನ್ನು ಸೂಚಿಸುವ ಒಂಟಿ ಪದವನ್ನು ಆರಿಸಿಕೊಂಡಿತು. 2008ರಲ್ಲಿ ಬಂದ ಇಂಗ್ಲಿಷ್ ಅನುವಾದ ‘ದ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ’ ಆಯಿತು. ಪ್ರಕಾಶಕರು ಮಾಡಿದ ತಿದ್ದುಪಡಿಗಳು ಒಪ್ಪಿಗೆಯಾಗದ ಕಾರಣ ಅನುವಾದಕ ಸ್ಟೀವನ್ ಮರ್ರೆ ತಮ್ಮ ಹೆಸರಿನ ಬದಲು ‘ರೆಗ್ ಕೀಲಂಡ್’ ಎಂಬ ಅಂಕಿತವನ್ನು ಬಳಸಿದರು.

ಊರಿನ ಹೆಸರಿನಲ್ಲಿ ಒಂದಕ್ಷರ ಬದಲಾದರೂ ಏನು ಕಳೆದುಹೋಗುತ್ತದೆಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂಲ ಶೀರ್ಷಿಕೆಯು ಬೆರಳು ತೋರಿಸುವುದು ಅಪರಾಧಿಗಳತ್ತ, ಅದೂ ಬಹುವಚನದಲ್ಲಿ. ಇಂಗ್ಲಿಷ್ ಶೀರ್ಷಿಕೆ ಓದುಗರ ನೋಟವನ್ನು ಒಬ್ಬ ಹೆಣ್ಣಿನ ಮೈಮೇಲಿನ ಹಚ್ಚೆಯತ್ತ ತಿರುಗಿಸುತ್ತದೆ. ಮೂರೂ ಪುಸ್ತಕಗಳ ಇಂಗ್ಲಿಷ್ ಹೆಸರುಗಳಲ್ಲಿ ‘ಹುಡುಗಿ’ ಇದ್ದಾಳೆ. ಸ್ವೀಡಿಷಿನಲ್ಲಿ ಅವಳಿರುವುದು ಎರಡನೆಯ ಪುಸ್ತಕದ ಹೆಸರಿನಲ್ಲಿ ಮಾತ್ರ. ಮೈನವಿರೇಳಿಸುವ ಕಥೆಯನ್ನು ಬಯಸಿ ಇಂಗ್ಲಿಷ್ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಅದರೊಳಗಿನ ಕ್ರೌರ್ಯ ಅನಿರೀಕ್ಷಿತ ಆಘಾತವಾಯಿತು. ಮೂಲದ ಹೆಸರನ್ನು ಓದಿದವರು ಮೊದಲೇ ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದರು. ಅಭಿಪ್ರಾಯಭೇದದ ಒಂದು ಪಾಲು ಹೀಗೆ ರಕ್ಷಾಪುಟದಲ್ಲಿಯೇ ಹುಟ್ಟಿದ್ದು.

ಸಲಾಂಡರ್ ಯಾರ ಕಲ್ಪನೆಯ ಕೂಸು?

ಮೂರನೆಯ ವಿವಾದ ನಾಯಕಿಯದು. ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಮಕ್ಕಳ ಕಥೆಗಳ ಪಿಪ್ಪಿ ಎಂಬ ಮಹಾಬಲದ ತುಂಟಿ ಬೆಳೆದು ದೊಡ್ಡವಳಾದರೆ ಹೇಗಿದ್ದಾಳೆಂಬ ಊಹೆಯಿಂದ ಸಲಾಂಡರ್ ಹುಟ್ಟಿದಳೆಂದು ಲಾರ್ಸನ್ ಹೇಳಿದ್ದುಂಟು. 1945ರಿಂದ ಸ್ವೀಡನ್ನಿನ ಮಕ್ಕಳು ಪಿಪ್ಪಿಯನ್ನು ಓದಿಕೊಂಡು ಬಂದಿದ್ದಾರೆ; ಬ್ಲೊಮ್‌ಕ್ವಿಸ್ಟ್‌ನನ್ನು ಇತರರು ಗೇಲಿಮಾಡುವ ಅಡ್ಡಹೆಸರು ಸಹ ಅದೇ ಲೇಖಕಿಯ ಬಾಲಪತ್ತೇದಾರನದು. ಸಲಾಂಡರ್‌ಗೆ ಅಪಾರ ನೆನಪಿನ ಶಕ್ತಿಯಿದೆ, ಎಂಥ ಕಂಪ್ಯೂಟರಿಗೂ ಕನ್ನ ಹಾಕಬಲ್ಲ ಚಾತುರ್ಯವಿದೆ. ಯಾರ ಅನುಕಂಪವೂ ಅವಳಿಗೆ ಬೇಡ. ಸಹಿಸಿಕೊಳ್ಳುವ, ಕ್ಷಮಿಸುವ, ಅತ್ತು ಕರಗುವ ನಾಯಕಿಯರನ್ನು ಕಂಡು ಬೇಸತ್ತ ಓದುಗರು ಅವಳನ್ನು ತೆರೆದ ತೋಳುಗಳಿಂದ ಸ್ವಾಗತಿಸಿದರು.

ಆಕ್ಷೇಪ ಎತ್ತುವವರ ಮಾತಿನಲ್ಲಿಯೂ ಹುರುಳಿದೆ. ಬ್ಲೊಮ್‌ಕ್ವಿಸ್ಟ್ ನಡುವಯಸ್ಸಿನ ಪತ್ರಕರ್ತ. ಕಥೆಯಲ್ಲಿ ಎದುರಾಗುವ ಹೆಂಗಸರಲ್ಲಿ ಅನೇಕರು ಅವನಿಗೆ ಒಲಿಯುತ್ತಾರೆ. ಇದು ಲೇಖಕರ ಹಗಲುಗನಸಲ್ಲದೆ ಮತ್ತೇನು ಎಂದು ಅವರು ಕೇಳುತ್ತಾರೆ. ಎರಡನೆಯ ಪುಸ್ತಕದಲ್ಲಿ ಸಲಾಂಡರ್ ತನ್ನ ಎದೆಯ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಾಳೆ. ಯಾರ ಕಣ್ಣಿಗೂ ಸೊಪ್ಪು ಹಾಕದ ಹೆಣ್ಣಿಗೆ ಇದೇಕೆ ಬೇಕಾಯಿತೆಂಬ ಪ್ರಶ್ನೆಗೆ ಕಾದಂಬರಿಯಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ. ಈ ಆಕ್ಷೇಪಗಳನ್ನು ನಾವು ಒಪ್ಪುತ್ತೇವೆ. ಅವು ಕೃತಿಯ ಕುಂದುಗಳೇ ಹೌದು; ಕೃತಿಯ ಕೇಂದ್ರವಲ್ಲ.

ಸಾಕ್ಷಿಯೋ, ಸರಕೋ?

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಹಿಂಸೆಯ ಚಿತ್ರಣದ್ದು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಖಂಡಿಸುವ ಪುಸ್ತಕವೊಂದು ಅದೇ ದೌರ್ಜನ್ಯವನ್ನು ಪುಟಗಟ್ಟಲೆ ವರ್ಣಿಸುವುದು ಸರಿಯೇ?

ಲಾರ್ಸನ್ ಈ ವಸ್ತುವನ್ನು ಗಾಳಿಯಿಂದ ಹಿಡಿದು ತಂದವರಲ್ಲ. ಸ್ವೀಡನ್ ತನ್ನನ್ನು ಲಿಂಗಸಮಾನತೆಯ ಮಾದರಿಯೆಂದು ಕರೆದುಕೊಳ್ಳುತ್ತಿದ್ದ ಕಾಲವದು. ಲೈಂಗಿಕ ಸೇವೆಯನ್ನು ಕೊಳ್ಳುವವರನ್ನು ಅಪರಾಧಿಗಳೆಂದು ಪರಿಗಣಿಸುವ ಕಾನೂನು ಅಲ್ಲಿ 1999ರ ಜನವರಿ 1ರಿಂದ ಜಾರಿಗೆ ಬಂದಿತ್ತು. 2001ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು, 15ನೆಯ ವಯಸ್ಸಿನ ನಂತರ ಗಂಡಸೊಬ್ಬನಿಂದ ಹಿಂಸೆಗೆ ಒಳಗಾದ ಮಹಿಳೆಯರ ಪ್ರಮಾಣ 46 ಶೇಕಡ ಎಂದು ಹೇಳಿ ದೇಶದಲ್ಲಿ ಬಿರುಸಿನ ಚರ್ಚೆ ಎಬ್ಬಿಸಿತು. ಲಾರ್ಸನ್‌ರ ಮೊದಲ ಕಾದಂಬರಿಯ ಒಂದೊಂದು ಭಾಗವೂ ಮಹಿಳೆಯರ ಮೇಲಿನ ಹಿಂಸೆಯ ಒಂದೊಂದು ಅಂಕಿಅಂಶದಿಂದ ಆರಂಭವಾಗುತ್ತದೆ. ಕಥೆ ಕಟ್ಟುಕಥೆಯಾದರೂ ಅದರ ಬೇರು ಎಲ್ಲಿದೆಯೆಂದು ಲೇಖಕರು ಬೆರಳಿಟ್ಟು ತೋರಿಸಿದ ರೀತಿ ಅದು.

ಆದರೂ ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ವರ್ಣನೆಗೆ ರಿಯಾಯಿತಿ ದೊರೆಯಬಾರದು. ಹೀಗೆ ಓದುವಾಗ ಎರಡು ಸಂಗತಿಗಳನ್ನು ಗಮನಿಸಬಹುದೆಂದು ನಮಗನ್ನಿಸುತ್ತದೆ. ಒಂದು, ಘಟನೆಯನ್ನು ನಾವು ಯಾರ ಕಣ್ಣಿನಿಂದ ನೋಡುತ್ತೇವೆ? ಇನ್ನೊಂದು, ಘಟನೆಯ ಮರುದಿನ ಏನಾಗುತ್ತದೆಂಬುದಕ್ಕೆ ಪುಸ್ತಕದಲ್ಲಿ ಜಾಗವಿದೆಯೇ? ಸಲಾಂಡರ್ ಮೇಲೆ ಅತ್ಯಾಚಾರ ಎಸಗುವವನು ಸರ್ಕಾರವೇ ನೇಮಿಸಿದ ಕಾನೂನುಬದ್ಧ ಪಾಲಕ. ಅವಳು ಪೊಲೀಸರ ಬಳಿಗೆ ಹೋಗುವುದಿಲ್ಲ. ಅವಳ ಮಾತಿಗೆ ಅಲ್ಲಿ ಬೆಲೆಯಿಲ್ಲ. ಏಕೆಂದರೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲು ಅಸಮರ್ಥಳೆಂದು ದಾಖಲೆಗಳು ಸಾರಿವೆ. ಅವಳ ಹಣದ ಮೇಲೆ ಅವನಿಗೇ ಹತೋಟಿ. ಆದ್ದರಿಂದ ತನ್ನ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಳ್ಳುವ ದಾರಿ ಹಿಡಿಯುತ್ತಾಳೆ. ಆ ದೃಶ್ಯಗಳನ್ನು ಓದಲಾಗದೆ ಪುಸ್ತಕ ಮುಚ್ಚಿಟ್ಟವರನ್ನು ನಾವು ತಪ್ಪೆನ್ನಲಾರೆವು. ಆದರೆ ಕಥೆ ಆ ದೃಶ್ಯದಲ್ಲಿಯೇ ನಿಂತುಬಿಡುವುದಿಲ್ಲ. ಮುಂದಿನ ಎರಡು ಪುಸ್ತಕಗಳು ಅದರ ಮರುದಿನಗಳ ಕಥೆ.

ಕಡತವನ್ನು ಮತ್ತೆ ತೆರೆಯುವವರು

ಮೊದಲ ಪುಸ್ತಕಕ್ಕೇ ನಿಂತವರಿಗೂ ಮೂರನ್ನೂ ಓದಿದವರಿಗೂ ಅಭಿಪ್ರಾಯಭೇದ ತೀವ್ರವಾಗುವುದು ಇಲ್ಲಿಯೇ. ಎರಡನೆಯ ಪುಸ್ತಕದಲ್ಲಿ ಸಲಾಂಡರ್ ಕೊಲೆಯ ಆರೋಪಿ. ಪೊಲೀಸರ ಕೈಯಲ್ಲಿರುವ ಕಡತ ಅವಳನ್ನು ಮಂದಬುದ್ಧಿಯ, ಹಿಂಸಾಪ್ರವೃತ್ತಿಯ ಹೆಣ್ಣೆಂದು ಬಣ್ಣಿಸುತ್ತದೆ. ಅವಳನ್ನು ಹತ್ತಿರದಿಂದ ಬಲ್ಲವರ ಮಾತು ಅದಕ್ಕೆ ತದ್ವಿರುದ್ಧ. ತನಿಖಾ ತಂಡದ ಫಾಸ್ಟೆ ಎಂಬ ಅಧಿಕಾರಿ ಕಡತವನ್ನೇ ನಂಬಿ ಸಾಗುತ್ತಾನೆ. ಸೋನ್ಯಾ ಮೂದಿಗ್ ಎಂಬ ಮಹಿಳಾ ಅಧಿಕಾರಿಗೆ ಈ ಎರಡು ಚಿತ್ರಗಳು ಒಂದಕ್ಕೊಂದು ಕೂಡಿಬರುವುದಿಲ್ಲವೆಂಬ ಸಂದೇಹ ಮೂಡುತ್ತದೆ. ಮೂರನೆಯ ಪುಸ್ತಕದಲ್ಲಿ ಆ ಸಂದೇಹ ಒಂದು ಬಳಗವಾಗಿ ಬೆಳೆಯುತ್ತದೆ: ಭದ್ರತಾ ಪೊಲೀಸ್ ವಿಭಾಗದೊಳಗಿನ ಗುಪ್ತಕೂಟವನ್ನು ಬೆನ್ನಟ್ಟುವ ಮೋನಿಕಾ ಫಿಗೆರೋಲಾ, ಖಾಸಗಿ ಭದ್ರತಾ ಸಂಸ್ಥೆಯ ಸೂಸಾನ್ ಲಿಂಡರ್, ಮಹಿಳೆಯರ ಹಕ್ಕುಗಳಿಗಾಗಿ ವಾದಿಸುವ ವಕೀಲೆ ಅನಿಕಾ ಜನ್ನೀನಿ.

ಇಲ್ಲಿಯೂ ಓದುಗರು ಎರಡು ಪಕ್ಷ. ಎಲ್ಲ ಹೆಂಗಸರೂ ಧೀರೆಯರು, ದುಷ್ಟರು ಬಹುತೇಕ ಗಂಡಸರೇ. ಇದು ಪಾತ್ರಸೃಷ್ಟಿಯಲ್ಲ, ಪಟ್ಟಿ ತಯಾರಿ ಎಂಬುದು ಒಂದು ಪಕ್ಷ. ಪುಸ್ತಕದ ಪ್ರತಿಭಾಗದ ಮೊದಲಿಗೂ ಅಮೆಜಾನರಂತಹ ಯೋಧ ಸ್ತ್ರೀಯರ ಕುರಿತ ಟಿಪ್ಪಣಿ ಇರುವುದು ಆ ಮಾತಿಗೆ ಬಲ ಕೊಡುತ್ತದೆ. ಇಷ್ಟು ಮಂದಿ ಹೆಂಗಸರು ತಮ್ಮ ತಮ್ಮ ಕಸುಬಿನ ಬಲದಿಂದಲೇ ಕಥೆಯನ್ನು ಮುನ್ನಡೆಸುವ ಥ್ರಿಲ್ಲರ್ ಬೇರೆ ಎಲ್ಲಿದೆ ಎಂಬುದು ಇನ್ನೊಂದು ಪಕ್ಷ.

ನಮ್ಮ ಒಲವು ಎರಡನೆಯದರತ್ತ, ಕಾರಣವಿಷ್ಟು. ಈ ಕಾದಂಬರಿಗಳಲ್ಲಿ ಪತ್ತೇದಾರಿಕೆಯೆಂದರೆ ಕೊಲೆಗಾರನ ಜಾಡು ಹಿಡಿಯುವುದಷ್ಟೇ ಅಲ್ಲ. ಸಲಾಂಡರ್ 12 ವರ್ಷದವಳಿದ್ದಾಗ ಅವಳನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಅದಕ್ಕಾಗಿ ಬರೆದ ವೈದ್ಯಕೀಯ ವರದಿ, ಆ ಬಳಿಕದ ನ್ಯಾಯಾಲಯದ ಆದೇಶ, ಪಾಲಕನ ಟಿಪ್ಪಣಿ ಎಲ್ಲವೂ ಒಂದರ ಮೇಲೊಂದು ಪೇರಿಕೊಂಡು ಅವಳ ಬಾಯಿ ಕಟ್ಟಿವೆ. ಅವಳ ಬಗ್ಗೆ ಇತರರು ಬರೆದದ್ದೆಲ್ಲ ಕಡತದಲ್ಲಿದೆ. ಅವಳು ಹೇಳಿದ್ದಕ್ಕೆ ಮಾತ್ರ ಅಲ್ಲಿ ಸ್ಥಾನವಿಲ್ಲ. ಮೂರನೆಯ ಪುಸ್ತಕದ ನ್ಯಾಯಾಲಯದ ದೃಶ್ಯದಲ್ಲಿ ಜನ್ನೀನಿ ಬಂದೂಕು ಹಿಡಿಯುವುದಿಲ್ಲ. ಕಾಗದಗಳನ್ನು ಒಂದೊಂದಾಗಿ ತೆರೆದು, ಯಾವ ವಾಕ್ಯ ಯಾವಾಗ ಯಾರಿಗಾಗಿ ಬರೆಯಲ್ಪಟ್ಟಿತೆಂದು ಕೇಳುತ್ತಾಳೆ. ಇಡೀ ಕಥಾಸರಣಿಯ ಅತ್ಯಂತ ರೋಚಕ ಭಾಗವೆಂದು ಬಹಳ ಓದುಗರು ನೆನೆಯುವುದು ಈ ಮಾತಿನ ಕಾಳಗವನ್ನೇ. ಕೊನೆಗೆ ಏನಾಯಿತೆಂದು ಹೇಳಿ ಓದುವವರ ಸುಖವನ್ನು ನಾವು ಕೆಡಿಸುವುದಿಲ್ಲ.

ನಿಧಾನಗತಿಯ ಕಾರಣವೂ ಇಲ್ಲಿ ಅರ್ಥವಾದೀತು. ಕಾಗದದಲ್ಲಿ ಹೂತುಹೋದ ಅನ್ಯಾಯವನ್ನು ಹೊರತೆಗೆಯಲು ಕಾಗದವನ್ನೇ ಓದಬೇಕು. ಆ ಓದು ಬೇಸರದ್ದು, ತಾಳ್ಮೆಯದು. ಲಾರ್ಸನ್ ಅಂಥ ಕೆಲಸವನ್ನು ಬಲ್ಲವರು. ಬಲಪಂಥೀಯ ಉಗ್ರರ ಮೇಲೆ ಕಣ್ಣಿಡುವ ‘ಎಕ್ಸ್‌ಪೋ’ ಸಂಸ್ಥೆಯನ್ನು 1995ರಲ್ಲಿ ಕಟ್ಟಿದವರಲ್ಲಿ ಅವರೂ ಒಬ್ಬರು. ದಾಖಲೆ ಹುಡುಕಿ ಹೊಂದಿಸುವುದೇ ಅವರ ನಿತ್ಯದ ಕಾಯಕವಾಗಿತ್ತು. ಅವರ ಸ್ವಂತ ಬದುಕಿಗೂ ಕಾಗದ ಅಡ್ಡ ಬಂದದ್ದು ವಿಷಾದದ ಸಂಗತಿ. ದಶಕಗಳ ಕಾಲ ಅವರೊಡನೆ ಬಾಳಿದ ಏವಾ ಗಬ್ರಿಯೆಲ್ಸನ್ ಅವರನ್ನು ಲಾರ್ಸನ್ ವಿವಾಹವಾಗಿರಲಿಲ್ಲ, ಊರ್ಜಿತವಾದ ಉಯಿಲೂ ಇರಲಿಲ್ಲ. ಸ್ವೀಡನ್ನಿನ ಕಾನೂನಿನಂತೆ ಆಸ್ತಿಯೂ ಕೃತಿಗಳ ಹಕ್ಕೂ ತಂದೆ ಮತ್ತು ಸೋದರನಿಗೆ ಸೇರಿದವು.

ಹೀಗಿರುವಾಗ ‘ಚೆನ್ನಾಗಿದೆ’ ಅಥವಾ ‘ಚೆನ್ನಾಗಿಲ್ಲ’ ಎಂಬ ಒಂದೇ ಪದದ ತೀರ್ಪು ಈ ಪುಸ್ತಕಗಳಿಗೆ ಸಾಲದು. ವೇಗ ಸಾಲದೆಂಬವರು ಹೇಳುವುದು ತಮ್ಮ ರುಚಿಯನ್ನು; ಅದು ಅವರ ಹಕ್ಕು. ನಾಯಕನ ಹಗಲುಗನಸನ್ನು ಟೀಕಿಸುವವರು ತೋರಿಸುವುದು ಕೃತಿಯ ನಿಜವಾದ ದೋಷವನ್ನು. ಹಿಂಸೆಯನ್ನು ಓದಲಾರೆವೆಂಬವರದು ನೈತಿಕ ಪ್ರಶ್ನೆ. ಅದನ್ನು ಚುಟುಕು ಮಾತಿನಲ್ಲಿ ತಳ್ಳಿಹಾಕಲಾಗದು. ಈ ಮೂರನ್ನೂ ಕಲಸಿ ಒಂದೇ ಎಂಬಂತೆ ವಾದಿಸುವುದರಿಂದಲೇ ಚರ್ಚೆ ಜಗಳವಾಗುತ್ತದೆ. ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಅದರ ಮೂಲ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಓದಲಿ, ಸಾಧ್ಯವಾದರೆ ಮೂರನೆಯದರವರೆಗೂ ಓದಲಿ. ಒಬ್ಬ ವ್ಯಕ್ತಿಯ ಕುರಿತು ಕಡತ ಹೇಳುವ ಮಾತೇ ಕೊನೆಯ ಮಾತಾಗಬೇಕೆ ಎಂಬ ಪ್ರಶ್ನೆಯನ್ನು ಆ ಹೆಣ್ಣು ಪತ್ತೇದಾರರು ಅಲ್ಲಿ ಎತ್ತಿದ್ದಾರೆ. ಆ ಪ್ರಶ್ನೆ ಸ್ವೀಡನ್ನಿಗೆ ಮಾತ್ರ ಸೇರಿದ್ದಲ್ಲ.