ರಜೆಯ ಉಪದೇಶಗಳೂ ಎರಡು ಹೆಣ್ಣುಮಕ್ಕಳೂ

ಶಾಲೆಗಳಿಗೆ ದೀಪಾವಳಿ ರಜೆ ಸಿಕ್ಕಿತೆಂದರೆ ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್, ಬೊರಿವಲಿಯ ಕನ್ನಡಿಗರ ಮನೆಗಳಲ್ಲಿ ಚಕ್ಕುಲಿ ಡಬ್ಬಿಯ ಜೊತೆಗೆ ಉಪದೇಶವೂ ತುಂಬಿಕೊಳ್ಳುತ್ತದೆ. ಊರಿನಿಂದ ಬಂದ ದೊಡ್ಡಮ್ಮ, ಎದುರು ಫ್ಲ್ಯಾಟಿನ ಕಾಕು, ವಾಟ್ಸಾಪ್ ಗುಂಪಿನ ಮಾವ, ಯಾರನ್ನು ಕೇಳಿದರೂ ಮಕ್ಕಳ ವಿಷಯದಲ್ಲಿ ಎಲ್ಲ ಗೊತ್ತು. ಮನೆಯಲ್ಲಿರುವುದು ಎರಡು ಪುಟ್ಟ ಹೆಣ್ಣುಮಕ್ಕಳಾದರಂತೂ ಕ್ರಿಸ್‌ಮಸ್ ಕಳೆದರೂ ಮಾತು ಮುಗಿಯುವುದಿಲ್ಲ.

ಮೊದಲನೆಯದು ಲಾಡಿನದು. ‘ಸಿಹಿ ಕೊಟ್ಟರೆ ಹುಡುಗಿಯರ ಕುಣಿತ ನಿಲ್ಲುವುದಿಲ್ಲ’ ಎಂಬ ಮಾತನ್ನು ಕೇಳದ ತಾಯಿಯಿಲ್ಲ. ಸಕ್ಕರೆಗೂ ಮಕ್ಕಳ ವರ್ತನೆಗೂ ಇರುವ ಸಂಬಂಧದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 1995ರಲ್ಲಿ ಅಮೆರಿಕದ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಅಂಥ ಪರಿಣಾಮವೇನೂ ಅದರಲ್ಲಿ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ನಡೆದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಮಕ್ಕಳಿಗೆ ಕೊಟ್ಟದ್ದು ಸಕ್ಕರೆಯೇ ಇಲ್ಲದ ಪಾನೀಯ. ಕೆಲವು ತಾಯಂದಿರಿಗೆ ಮಾತ್ರ ‘ನಿಮ್ಮ ಮಗುವಿಗೆ ತುಂಬಾ ಸಕ್ಕರೆ ಹಾಕಿದ್ದೇವೆ’ ಎಂದು ಹೇಳಿದರು. ಆ ತಾಯಂದಿರ ಕಣ್ಣಿಗೆ ತಮ್ಮ ಮಕ್ಕಳು ಹೆಚ್ಚು ಚಂಚಲರಾಗಿ ಕಂಡರು! ಕುಣಿಸುವುದು ರಜೆ, ಜೊತೆಗಾರರು, ತಪ್ಪಿದ ನಿದ್ದೆ. ಹಲ್ಲು ಹುಳುಕಾಗುವುದು ಮಾತ್ರ ಸಕ್ಕರೆಯಿಂದಲೇ. ಆ ಬೈಗುಳಕ್ಕೆ ವಿನಾಯಿತಿ ಇಲ್ಲ.

‘ಹೆಣ್ಣುಮಕ್ಕಳಿಗೆ ಸುರುಸುರು ಬತ್ತಿ ಸಾಕು, ಅದರಿಂದ ಏನೂ ಆಗುವುದಿಲ್ಲ.’ ಇದು ನಿಜಕ್ಕೂ ಅಪಾಯದ ಮಾತು. ಸದ್ದಿಲ್ಲದ ಆ ಕಡ್ಡಿಯ ತುದಿ ಉರಿಯುವುದು 1000 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖದಲ್ಲಿ. ಹಬ್ಬಕ್ಕೆಂದು ಕೊಂಡ ನೈಲಾನ್ ಜರಿಯ ಲಂಗ ಒಂದು ಕಿಡಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ಬಟ್ಟೆ ಹಾಕಿ, ಉರಿದ ಕಡ್ಡಿಯನ್ನು ನೀರಿನ ಬಕೆಟ್ಟಿಗೆ ಹಾಕಿಸಿ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ ಬೇಡ. ಇನ್ನು ಬಡಪಾಯಿಯಂತೆ ಕಾಣುವ ಹಾವಿನ ಮಾತ್ರೆ: ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಪರೀಕ್ಷಿಸಿದ ಪಟಾಕಿಗಳಲ್ಲಿ ಅತಿ ಹೆಚ್ಚು ಸೂಕ್ಷ್ಮ ಕಣ ಉಗುಳಿದ್ದು ಅದೇ. ಚಳಿಗಾಲದಲ್ಲಿ ಮುಂಬೈಯ ಗಾಳಿ ನೆಲದ ಹತ್ತಿರವೇ ನಿಂತುಬಿಡುವುದರಿಂದ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಎದ್ದ ಹೊಗೆ ಮೊದಲ ಮಹಡಿಯ ಮಂಚದ ತನಕ ಬರುತ್ತದೆ.

ರಜೆಯಲ್ಲಿ ಒಂದು ದಿನ ಭಾಯ್ಖಳಾದ ರಾಣಿಬಾಗ್ ಮೃಗಾಲಯ ತಪ್ಪಿದ್ದಲ್ಲ. ಬುಧವಾರ ಬಾಗಿಲು ಮುಚ್ಚಿರುತ್ತದೆ, ನೆನಪಿರಲಿ. ‘ಪಾಪ, ಹಿಮದ ಪೆಂಗ್ವಿನ್ ಈ ಸೆಕೆಯಲ್ಲಿ!’ ಎಂದು ಅಲ್ಲಿ ಮರುಗುವವರು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ. 2016ರಲ್ಲಿ ಸೋಲ್‌ನಿಂದ ಬಂದದ್ದು ಹಂಬೋಲ್ಟ್ ಜಾತಿ. ಅವುಗಳ ತವರು ಪೆರು, ಚಿಲಿಯ ಕರಾವಳಿ, ಅಲ್ಲಿ ಹಿಮವಿಲ್ಲ. ತಂಪು ಬೇಕು, ಮಂಜುಗಡ್ಡೆ ಬೇಡ. ಅಲ್ಲಿಗೆ ಲೋಕಲ್‌ನಲ್ಲಿ ಹೋಗುವಾಗ ಇನ್ನೊಂದು ತಪ್ಪು ತಿಳಿವಳಿಕೆ ಬಯಲಾಗುತ್ತದೆ. ಪುಟ್ಟ ಹುಡುಗಿಯರು ಜೊತೆಗಿದ್ದಾರೆಂದು ಅಪ್ಪ ಲೇಡೀಸ್ ಡಬ್ಬಿ ಹತ್ತುವಂತಿಲ್ಲ. ರೈಲ್ವೆ ನಿಯಮ ಅಲ್ಲಿಗೆ ಬಿಡುವುದು 12 ವರ್ಷದೊಳಗಿನ ಗಂಡುಮಕ್ಕಳನ್ನು ಮಾತ್ರ. ಜನರಲ್ ಡಬ್ಬಿಯಲ್ಲಿ ಎರಡು ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ನಿಂತ ಅಪ್ಪನಿಗೆ ಸೀಟು ಬಿಡುವ ಮುಂಬೈಕರರೇನೋ ಇದ್ದೇ ಇದ್ದಾರೆ.

ಊರಿಗೆ ಹೊರಡುವ ಮತ್ಸ್ಯಗಂಧ ರೈಲಿನ ಲೆಕ್ಕವೂ ಹಾಗೆಯೇ. ‘ಮಕ್ಕಳಿಗೆ ಅರ್ಧ ಟಿಕೆಟ್, ಬರ್ತ್ ಸಿಗುತ್ತದೆ’ ಎಂಬುದು ಹಳೆಯ ಕಾಲದ ಮಾತು. 2016ರ ಏಪ್ರಿಲ್‌ನಿಂದ 5ರಿಂದ 11 ವರ್ಷದವರಿಗೆ ಬೇರೆ ಬರ್ತ್ ಬೇಕಾದರೆ ಪೂರ್ತಿ ಹಣ. ಅರ್ಧ ಹಣಕ್ಕೆ ಅಮ್ಮನ ಪಕ್ಕದ ಜಾಗವಷ್ಟೇ. ಮುಂಗಡ ಕಾಯ್ದಿರಿಸುವ ಅವಧಿಯೂ 2024ರ ನವೆಂಬರ್‌ನಿಂದ 120 ದಿನದಿಂದ 60ಕ್ಕೆ ಇಳಿದಿದೆ.

ಇವೆಲ್ಲ ಪಕ್ಕಕ್ಕಿರಲಿ. ಊರಿನ ಜಗಲಿಯಲ್ಲಿ ಕಾದು ಕೂತಿರುವ ಮಾತು ಬೇರೆಯೇ: ‘ಎರಡೂ ಹೆಣ್ಣೇ? ಮೂರನೆಯದು ಗಂಡಾದೀತು, ನೋಡಿ.’

ಈ ಮಾತಿನೊಳಗೆ ಹಲವು ತಪ್ಪುಗಳು ಅಡಗಿವೆ. ಎರಡು ಹೆಣ್ಣಾದ ಮೇಲೆ ಗಂಡಿನ ‘ಸರದಿ’ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪ್ರತಿ ಗರ್ಭದಲ್ಲೂ ಸಾಧ್ಯತೆ ಹೆಚ್ಚುಕಡಿಮೆ ಅರ್ಧರ್ಧವೇ. ಇಬ್ಬರು ಮಕ್ಕಳಿರುವ ನಾಲ್ಕು ಮನೆಗಳಲ್ಲಿ ಸುಮಾರು ಒಂದರಲ್ಲಿ ಇಬ್ಬರೂ ಹುಡುಗಿಯರಾಗಿರುವುದು ಸಹಜ. ಸೊಸೆಯತ್ತ ನೋಡಿ ಈ ಮಾತಾಡುವುದಂತೂ ಅನ್ಯಾಯ. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ಎಕ್ಸ್ ಅಥವಾ ವೈ ಬರುವುದು ತಂದೆಯ ವೀರ್ಯಾಣುವಿನಿಂದ, ಅದೂ ಅವನ ಇಷ್ಟಕ್ಕೆ ಒಳಪಟ್ಟದ್ದಲ್ಲ.

‘ಗೊತ್ತಿರುವ ಡಾಕ್ಟರ್ ಇದ್ದಾರೆ, ಸುಮ್ಮನೆ ಕೇಳಿದರೇನು?’ ಎನ್ನುವವರೂ ಉಂಟು. ಹೇಳುವುದಷ್ಟೇ ಅಲ್ಲ, ಲಿಂಗಪತ್ತೆ ಮಾಡಿಸಲು ಹೋಗುವುದೂ ಶಿಕ್ಷಾರ್ಹ. ದೇಶದಲ್ಲಿ ಇದಕ್ಕೆ ಮೊದಲು ಕಾನೂನು ತಂದದ್ದೇ ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾಯ್ದೆ ಬಂದದ್ದು 1994ರಲ್ಲಿ.

ಆಸ್ತಿ ಉಳಿಯಲು ಗಂಡು ಬೇಕೆಂಬ ವಾದವೂ ನಿಲ್ಲುವುದಿಲ್ಲ. ಕರಾವಳಿಯ ಅಳಿಯಸಂತಾನದ ಮನೆಗಳಿಂದ ಬಂದು ಮುಂಬೈಯಲ್ಲಿ ಹೋಟೆಲು ಕಟ್ಟಿದವರೇ ಈ ವಾದ ಹೂಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅವರಲ್ಲಿ ಕುಟುಂಬ ಬೆಳೆದದ್ದೇ ಹೆಣ್ಣಿನ ಕಡೆಯಿಂದ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟುಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಹುಡುಗಿಯರ ಮುಂದೆ ಈ ಚರ್ಚೆ ನಡೆಯದಂತೆ ನೋಡಿಕೊಳ್ಳಬೇಕಾದವರು ಅಪ್ಪಂದಿರು. ಅಜ್ಜಿಗೆ ಸೊಸೆ ಉತ್ತರ ಕೊಟ್ಟರೆ ಜಗಳ, ಮಗ ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳ ಭವಿಷ್ಯದ ಚಿಂತೆ ನಿಜವಾಗಿಯೂ ಇದ್ದರೆ ಹತ್ತಿರದ ಅಂಚೆ ಕಚೇರಿಗೆ ಹೋಗಿ. ಸುಕನ್ಯಾ ಸಮೃದ್ಧಿ ಖಾತೆ ‘ಒಬ್ಬ ಮಗಳಿಗೆ ಮಾತ್ರ’ ಅಲ್ಲ. 10 ವರ್ಷದೊಳಗಿನ ಇಬ್ಬರು ಹೆಣ್ಣುಮಕ್ಕಳಿಗೂ ಬೇರೆ ಬೇರೆ ಖಾತೆ ತೆರೆಯಬಹುದು. ಅದು ಮದುವೆಯ ಖರ್ಚಿಗೆಂದೇ ಇಟ್ಟ ಹಣವೂ ಅಲ್ಲ, ಕಾಲೇಜಿಗೆಂದು ಅರ್ಧದವರೆಗೆ ತೆಗೆಯಬಹುದು. ತೆರೆಯಲು 250 ರೂಪಾಯಿ, ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಆಧಾರ್ ಮತ್ತು ಪ್ಯಾನ್ ಸಾಕು. ರಜೆ ಮುಗಿಯುವುದರೊಳಗೆ ಇಷ್ಟನ್ನು ಮಾಡಿಬಿಡಿ.