ವಜ್ರದೊಳಗಿನ ಎರಡು ಎಲೆಕ್ಟ್ರಾನ್‌ಗಳು ಗೆದ್ದ ಆಟ

ನೀವು ಒಂದು ಕೋಣೆಯಲ್ಲಿ, ನಿಮ್ಮ ಗೆಳತಿ ಇನ್ನೊಂದರಲ್ಲಿ. ಫೋನಿಲ್ಲ, ಗೋಡೆ ತಟ್ಟುವಂತಿಲ್ಲ. ಇಬ್ಬರೂ ಒಂದೊಂದು ನಾಣ್ಯ ಚಿಮ್ಮಿ, ಬಿದ್ದದ್ದನ್ನು ನೋಡಿ, ಚೀಟಿಯಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಬರೆಯಬೇಕು. ಎರಡೂ ನಾಣ್ಯ ಹೆಡ್ಸ್ ಬಿದ್ದಿದ್ದರೆ ಉತ್ತರಗಳು ಬೇರೆಬೇರೆ ಇರಬೇಕು. ಮಿಕ್ಕಂತೆ ಯಾವಾಗಲೂ ಒಂದೇ ಆಗಿರಬೇಕು. ಹಾಗಾದರೆ ಗೆದ್ದಿರಿ. ಕಣ್ಣು ಮುಚ್ಚಿ ಇಬ್ಬರೂ ‘ಹೌದು’ ಎಂದೇ ಬರೆಯುತ್ತ ಹೋದರೂ ನೂರಕ್ಕೆ 75 ಸಲ ಗೆಲ್ಲುತ್ತೀರಿ. ಆದರೆ ಮೊದಲೇ ಕೂತು ಎಷ್ಟೇ ಮಸಲತ್ತು ಮಾಡಿದರೂ ಸರಾಸರಿ 75ರ ಮೇಲೆ ಹತ್ತಲಾರಿರಿ. ಗಣಿತದ ಕಟ್ಟಳೆ ಅದು.

2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಎರಡು ಎಲೆಕ್ಟ್ರಾನ್‌ಗಳು ಇದೇ ಆಟ ಆಡಿದವು. ಎರಡು ವಜ್ರದ ಹರಳು, ಒಂದೊಂದರಲ್ಲಿ ಒಂದೊಂದು ಎಲೆಕ್ಟ್ರಾನ್, ನಡುವೆ ಸುಮಾರು 1.3 ಕಿಲೋಮೀಟರ್. ರೊನಾಲ್ಡ್ ಹ್ಯಾನ್ಸನ್ ಅವರ ತಂಡ ಆಡಿಸಿದ್ದು 245 ಸುತ್ತು. ನಮ್ಮ ನಿಮ್ಮ ಲೆಕ್ಕದಲ್ಲಿ 184ರ ಆಸುಪಾಸಿಗೆ ನಿಲ್ಲಬೇಕು. ಗೆದ್ದದ್ದು 196!

ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ಗುಟ್ಟು ಹೇಳಿತೇ? ಆ ದೂರ ದಾಟಲು ಬೆಳಕಿಗೇ ನಾಲ್ಕು ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಬೇಕು. ಅಷ್ಟರೊಳಗೆ ನಾಣ್ಯದ ಬದಲಿಗಿದ್ದ ಪ್ರಶ್ನೆಯೂ ಬಂದು ಉತ್ತರವೂ ದಾಖಲಾಗಿತ್ತು. ಹಾಗಾದರೆ ಮೊದಲೇ ಜೊತೆಗೂಡಿ ಮಾತಾಡಿಕೊಂಡಿದ್ದವೇ? ಅವು ಎಂದೂ ಒಂದನ್ನೊಂದು ಸಂಧಿಸಿದ್ದೇ ಇಲ್ಲ! ಅವು ಹೊರಸೂಸಿದ ಬೆಳಕಿನ ಕಣಗಳು ಮೂರನೆಯ ಜಾಗದಲ್ಲಿ ಸೇರಿದವು, ಅಷ್ಟರಿಂದಲೇ ದೂರದ ಎಲೆಕ್ಟ್ರಾನ್‌ಗಳೆರಡೂ ತಳುಕು ಹಾಕಿಕೊಂಡವು. ಹೀಗೆ ತಳುಕು ಬೀಳುತ್ತಿದ್ದದ್ದು ಗಂಟೆಗೆ ಸುಮಾರು ಒಂದು ಸಲ. ಆ ಒಂದೊಂದು ಸುತ್ತಿಗಾಗಿ ಕಾದು ಕೂತವರ ತಾಳ್ಮೆಗೆ ನನ್ನ ನಮಸ್ಕಾರ.

ಐನ್‌ಸ್ಟೀನ್ ಇಂಥ ತಳುಕನ್ನು ‘ದೂರದಿಂದ ನಡೆಯುವ ಭೂತಚೇಷ್ಟೆ’ ಎಂದು ಹಳಿದಿದ್ದರು. 1935ರಲ್ಲಿ ಪೊಡೊಲ್‌ಸ್ಕಿ, ರೋಸೆನ್ ಜೊತೆ ಅವರು ಹೂಡಿದ ವಾದ ತುಂಬ ಸಹಜವಾದದ್ದು: ಇಲ್ಲಿ ಅಳೆದ ಕೂಡಲೇ ಅಲ್ಲಿನದು ತಿಳಿಯುತ್ತದೆ ಎಂದರೆ, ಅಲ್ಲಿನದು ಮೊದಲೇ ನಿಶ್ಚಯವಾಗಿತ್ತು, ಅದನ್ನು ಹೇಳಲಾರದ ಕ್ವಾಂಟಂ ಸಿದ್ಧಾಂತ ಅಪೂರ್ಣ. ವಿಯೆನ್ನಾದ ಬರ್ಟ್ಲ್‌ಮನ್ ಎಂಬ ವಿಜ್ಞಾನಿ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕುತ್ತಿದ್ದರು. ಒಂದು ಕಾಲಲ್ಲಿ ಗುಲಾಬಿ ಕಂಡರೆ ಇನ್ನೊಂದು ಗುಲಾಬಿಯಲ್ಲ ಎಂದು ನೋಡದೆಯೂ ಹೇಳಬಹುದು. ಬಣ್ಣ ಬೆಳಿಗ್ಗೆಯೇ ತೀರ್ಮಾನವಾಗಿತ್ತಲ್ಲ! ಕಣಗಳದೂ ಇಷ್ಟೇ ಎಂಬುದು ಐನ್‌ಸ್ಟೀನರ ನಂಬಿಕೆ. ನೀಲ್ಸ್ ಬೋರ್ ಒಪ್ಪಲಿಲ್ಲ. ಸುಮಾರು ಮೂವತ್ತು ವರ್ಷ ಇದು ಬರಿಯ ತತ್ತ್ವಜಿಜ್ಞಾಸೆಯಾಗಿ ಉಳಿಯಿತು.

ಆ ಕಾಲುಚೀಲಗಳ ಬಗ್ಗೆ ಪ್ರಬಂಧವನ್ನೇ ಬರೆದವರು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಜಾನ್ ಬೆಲ್. ಉತ್ತರಗಳು ಮೊದಲೇ ಬರೆದಿಟ್ಟಂತಿದ್ದರೆ ಒಂದು ಮಿತಿಯನ್ನು ದಾಟಲಾಗದು, ಕ್ವಾಂಟಂ ಲೆಕ್ಕ ಮಾತ್ರ ದಾಟುತ್ತದೆ ಎಂದು 1964ರಲ್ಲಿ ಅವರು ತೋರಿಸಿದರು. ನಮ್ಮ ಆಟದ 75 ಆ ಮಿತಿಯದೇ ಒಂದು ರೂಪ. ಕ್ವಾಂಟಂ ಸುಮಾರು 85ರವರೆಗೆ ಏರಬಲ್ಲದು. ವಾಸ್ತವ ಎಂದರೇನು ಎಂಬ ಜಗಳವನ್ನು ಎಣಿಸಿ ಬಗೆಹರಿಸಬಹುದು! ಕಳೆದ ಶತಮಾನದಲ್ಲಿ ಇದಕ್ಕಿಂತ ಆಳವಾದ ಶೋಧವನ್ನು ನಾನು ಕಾಣೆ.

1972ರಲ್ಲಿ ಬರ್ಕ್ಲಿಯಲ್ಲಿ ಜಾನ್ ಕ್ಲೌಸರ್ ಮತ್ತು ಫ್ರೀಡ್‌ಮನ್ ಎಣಿಸಿಯೇಬಿಟ್ಟರು. ಐನ್‌ಸ್ಟೀನ್ ಗೆಲ್ಲಲಿ ಎಂದು ಹಾರೈಸಿದ್ದ ಕ್ಲೌಸರ್‌ಗೆ ಸಿಕ್ಕಿದ್ದು ತದ್ವಿರುದ್ಧ ಫಲ. ಆದರೂ ಪ್ರಶ್ನೆಗಳ ಆಯ್ಕೆಯೇ ಮೊದಲೇ ನಿಶ್ಚಯವಾಗಿದ್ದರೆ ಎಂಬ ಶಂಕೆ ಉಳಿದಿತ್ತು. ಅದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಪ್ರಯೋಗವನ್ನು ಓದಿ ನಾನು ದಂಗಾಗಿ ಕೂತೆ. ಲಾ ಪಾಲ್ಮಾ ದ್ವೀಪದಲ್ಲಿ ಆಂಟನ್ ಸೈಲಿಂಗರ್ ಮತ್ತು ಸಂಗಡಿಗರು ಪ್ರಶ್ನೆ ಆರಿಸುವ ಕೆಲಸವನ್ನು ಕ್ವೇಸಾರ್‌ಗಳೆಂಬ ಬಹುದೂರದ ಉಜ್ವಲ ಕಾಯಗಳ ಬೆಳಕಿಗೆ ಒಪ್ಪಿಸಿದರು. ಒಂದರ ಬೆಳಕು ಹೊರಟು 780 ಕೋಟಿ ವರ್ಷ, ಇನ್ನೊಂದರದು 1,220 ಕೋಟಿ ವರ್ಷ! ಭೂಮಿಯೇ ಇಲ್ಲದಾಗ ಹೊರಟ ಬೆಳಕು ಪ್ರಶ್ನೆ ಕೇಳಿದಾಗಲೂ ಮಿತಿ ಮುರಿಯಿತು.

ಏನು ನಡೆಯುತ್ತಿದೆ ಹಾಗಾದರೆ? ಅಳೆಯುವ ಮೊದಲು ಏನಿತ್ತೆಂದು ಕೇಳಬೇಡಿ ಎನ್ನುವುದು ಬೋರ್ ದಾರಿ. ಕಣಕ್ಕೆ ಖಚಿತ ನೆಲೆಯಿದೆ, ಆದರೆ ಇಲ್ಲಿನದು ಅಲ್ಲಿಗೆ ತಕ್ಷಣವೇ ತಟ್ಟುತ್ತದೆ ಎಂದರು ಡೇವಿಡ್ ಬೋಮ್. ಎಲ್ಲ ಉತ್ತರಗಳೂ ನಿಜ, ಜಗತ್ತೇ ಕವಲೊಡೆಯುತ್ತದೆ ಎನ್ನುತ್ತದೆ ಹ್ಯೂ ಎವರೆಟ್ 1957ರಲ್ಲಿ ತೆರೆದ ದಾರಿ. ಮೂವರದೂ ಈ ಆಟದಲ್ಲಿ ಒಂದೇ ಅಂಕ, ಆದ್ದರಿಂದ ಆಟ ಇವರ ನಡುವೆ ತೀರ್ಪು ಕೊಡದು. ಒಂದು ಮಾತು ಮಾತ್ರ ಖಚಿತ: ಈ ತಳುಕಿನಿಂದ ಸುದ್ದಿ ಕಳಿಸಲಾಗದು. ಒಬ್ಬೊಬ್ಬರ ಚೀಟಿ ಒಂಟಿಯಾಗಿ ನೋಡಿದರೆ ಬರೀ ಅಡ್ಡಾದಿಡ್ಡಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಬೆರಗು.

ಇವತ್ತು ಸಂಜೆ ಮನೆಯಲ್ಲಿ ಎರಡು ನಾಣ್ಯ, ಒಂದಿಷ್ಟು ಚೀಟಿ ಹಿಡಿದು ನೂರು ಸುತ್ತು ಆಡಿ ನೋಡಿ. ಮಕ್ಕಳನ್ನೂ ಕರೆಯಿರಿ.